ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ

ವಿದೇಶದಲ್ಲಿ ಎಂ.ಬಿ.ಬಿ.ಎಸ್. ಓದಿ ಬಂದವರು ಇಲ್ಲಿಯ ಲೈಸೆನ್ಸ್ ಪರೀಕ್ಷೆಯಲ್ಲಿ ಮುಗ್ಗರಿಸಿದ ಸುದ್ದಿ ವರ್ಷಕ್ಕೆರಡು ಬಾರಿ ಪತ್ರಿಕೆಗಳಲ್ಲಿ ಬರುತ್ತದೆ. ಬಂದಾಗಲೆಲ್ಲ ನಾಂಪಲ್ಲಿಯ ನಮ್ಮ ಕನ್ನಡಿಗರ ಹರಟೆಯಲ್ಲಿ ಒಂದೇ ಮಾತು: 'ದುಡ್ಡು ಕೊಟ್ಟು ತಂದ ಡಿಗ್ರಿ, ಇನ್ನೇನಾದೀತು?' ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲಿ ನೆಲೆಸಿದ ಮನೆಗಳಿಂದಲೂ ಮಕ್ಕಳು ರಷ್ಯಾಕ್ಕೋ ಕಿರ್ಗಿಸ್ತಾನಕ್ಕೋ ಹೋಗಿದ್ದಾರೆ. ಅವರನ್ನು ಕಂಡು ಬಲ್ಲ ನಾವು ಈ ಮಾತನ್ನು ಒಪ್ಪಲಾರೆವು.

ಅಂಕಿಗಳು ಕೆಟ್ಟದಾಗಿವೆ, ಮುಚ್ಚಿಡುವುದು ಬೇಡ. 2002ರಿಂದ ನಡೆದು ಬಂದ ಈ ಪರೀಕ್ಷೆಯಲ್ಲಿ 300 ಪ್ರಶ್ನೆ. 150 ಸರಿಯಾದರೆ ಪಾಸು. ತಪ್ಪು ಬರೆದರೆ ಅಂಕ ಕಳೆಯುವುದೂ ಇಲ್ಲ. ಹಾಗಿದ್ದೂ 2015ರಿಂದ 2018ರವರೆಗೆ ಬರೆದ 61 ಸಾವಿರಕ್ಕೂ ಮಿಕ್ಕಿದವರಲ್ಲಿ ಪಾಸಾದವರು ನೂರಕ್ಕೆ 14 ಮಾತ್ರ. (ಫೇಲಾಗಿ ಮತ್ತೆ ಮತ್ತೆ ಬರೆದವರೂ ಈ ಲೆಕ್ಕದಲ್ಲಿ ಸೇರಿದ್ದಾರೆಂಬುದನ್ನು ಹರಟೆಯವರು ಹೇಳುವುದಿಲ್ಲ.)

ಆದರೆ ಇಲ್ಲಿಯೇ ಓದಿದವರನ್ನು ಇದೇ ಪ್ರಶ್ನೆಪತ್ರಿಕೆಯ ಮುಂದೆ ಎಂದಾದರೂ ಕೂರಿಸಿದ್ದುಂಟೆ? ನೀಟ್‌ನಲ್ಲಿ ಕನಿಷ್ಠ ಅರ್ಹತೆ ಪಡೆಯದೆ ಈಗ ಯಾರೂ ಹೊರದೇಶಕ್ಕೆ ಹೋಗಿ ಓದುವಂತಿಲ್ಲ. ಅಷ್ಟೇ ಅಂಕ ತೆಗೆದ ಇಬ್ಬರಲ್ಲಿ ಕೋಟಿ ರೂಪಾಯಿ ಸುರಿಯಬಲ್ಲವರ ಮಗ ಇಲ್ಲಿಯ ಖಾಸಗಿ ಕಾಲೇಜು ಸೇರಿ, ಕಾಲೇಜಿನ ಪರೀಕ್ಷೆ ಮುಗಿಸಿ ನೇರವಾಗಿ ಡಾಕ್ಟರನಾಗುತ್ತಾನೆ. ಜಮೀನು ಅಡವಿಟ್ಟು ಇಪ್ಪತ್ತು-ಮೂವತ್ತು ಲಕ್ಷ ಹೊಂದಿಸಿದವರ ಮಗ ಮಾತ್ರ ಮತ್ತೊಂದು ಜರಡಿಯಲ್ಲಿ ಸೋಸಿಸಿಕೊಳ್ಳಬೇಕು. ದುಡ್ಡಿನ ಮಾತೆತ್ತುವವರು ಈ ದುಡ್ಡಿನ ಮಾತನ್ನೂ ಆಡಲಿ. ಹೋದವರೆಲ್ಲ ದಡ್ಡರೆಂಬುದೂ ಸುಳ್ಳು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಪಿ.ಯು.ಸಿ.ಯಲ್ಲಿ ನೂರಕ್ಕೆ 97 ತೆಗೆದಿದ್ದರೆಂದು ಅವರ ತಂದೆಯೇ ಹೇಳಿದ್ದರು.

ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಓದಿ 1970ರ ದಶಕದಲ್ಲಿ ಅಮೆರಿಕಕ್ಕೆ ಹೋದ ನಮ್ಮ ವೈದ್ಯರೂ ಅಲ್ಲಿ 'ವಿದೇಶೀ ಪದವೀಧರ'ರೇ. ಅವರಿಗೂ ಆಗ ಬೇರೆಯೇ ಪರೀಕ್ಷೆಯಿತ್ತು. 1992ರಲ್ಲಿ ಯು.ಎಸ್.ಎಂ.ಎಲ್.ಇ. ಬಂದ ಮೇಲೆ ಅಲ್ಲಿಯ ಎಂ.ಡಿ. ಓದಿದವನೂ ಹೊರಗಿನಿಂದ ಹೋಗಿ ರೆಸಿಡೆನ್ಸಿ ಬೇಡುವವನೂ ಬರೆಯುವುದು ಒಂದೇ ಪರೀಕ್ಷೆ. ಹೊರಗಿನವರು ಅಲ್ಲಿಯೂ ಹಿಂದೆ ಬೀಳುತ್ತಾರೆ. ಆದರೆ ಎಷ್ಟು ಹಿಂದೆ ಎಂಬುದು ಅಳತೆಗೆ ಸಿಗುತ್ತದೆ. ನಮ್ಮಲ್ಲಿ ಒಂದು ಕಡೆಯವರನ್ನಷ್ಟೇ ಅಳೆದು, ಇನ್ನೊಂದು ಕಡೆಯವರು ಎತ್ತರವೆಂದು ತೀರ್ಮಾನಿಸುತ್ತೇವೆ!

ಇದಕ್ಕೆ ಮದ್ದು ಕಾಯಿದೆಯಲ್ಲೇ ಇದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ದೇಶದೊಳಗೆ ಓದಿದವರಿಗೂ ಹೊರಗೆ ಓದಿದವರಿಗೂ 'ನೆಕ್ಸ್ಟ್' ಎಂಬ ಒಂದೇ ಪರೀಕ್ಷೆ ಇರಬೇಕೆಂದಿತು. 2023ರ ಜುಲೈಯಲ್ಲಿ ಅದನ್ನು ಮುಂದೂಡಿದರು. ರೋಗಿಯ ಹಿತಕ್ಕಾಗಿಯೇ ಪರೀಕ್ಷೆ ಎನ್ನುವುದಾದರೆ, ಖಾಸಗಿ ಕಾಲೇಜಿನಿಂದ ಹೊರಬಿದ್ದವನ ಕೈಗೆ ಸಿಗುವ ರೋಗಿ ಮನುಷ್ಯನಲ್ಲವೆ? ಪರೀಕ್ಷೆ ಕಠಿಣವಾಗಿಯೇ ಇರಲಿ, ನಮ್ಮ ತಕರಾರಿಲ್ಲ, ಎಲ್ಲರಿಗೂ ಇರಲಿ.

ಏಜೆಂಟರನ್ನು ನಾವು ಬಿಟ್ಟುಕೊಡುತ್ತಿಲ್ಲ. 'ಪಾಸಾಗುವುದು ಗ್ಯಾರಂಟಿ' ಎಂದು ಆಸೆ ಹುಟ್ಟಿಸಿ ಹದಿನೆಂಟರ ಹುಡುಗರನ್ನು ವಿಮಾನ ಹತ್ತಿಸುವವರು ಅವರೇ. ಯಾವ ದೇಶದ ಯಾವ ಕಾಲೇಜಿನಿಂದ ಬಂದವರು ಎಷ್ಟು ಮಂದಿ ಪಾಸಾದರೆಂಬ ಪಟ್ಟಿಯನ್ನು ಪರೀಕ್ಷಾ ಮಂಡಳಿ ಪ್ರಕಟಿಸಿದೆ. ಮುಂಗಡ ಹಣ ಎಣಿಸುವ ಮುನ್ನ ತಂದೆತಾಯಿಗಳು ಆ ಪಟ್ಟಿಯನ್ನು ಏಜೆಂಟನ ಮೇಜಿನ ಮೇಲಿಟ್ಟು, ಅವನು ಹೇಳುವ ಕಾಲೇಜಿನ ಸಾಲನ್ನು ಅವನಿಂದಲೇ ಓದಿಸಲಿ.