ಕೀಲಿಕೈ ಯಾರ ಹತ್ತಿರ ಇದೆ?



ಗಣೇಶೋತ್ಸವದ ಊಟದ ಪಂಕ್ತಿಯಲ್ಲಿ ನಿಮ್ಮಲ್ಲೊಬ್ಬ ನನ್ನನ್ನು ಕೇಳಿದ: “ಆಂಟಿ, ಬಿಟ್‌ಕಾಯಿನ್ ಶುರು ಮಾಡಲಾ?” ನಾನು ಬಿ.ಎ. ಇಂಗ್ಲಿಷ್ ಓದಿದ ಗೃಹಿಣಿ, ಅರ್ಥಶಾಸ್ತ್ರ ಗೊತ್ತಿಲ್ಲ. ಆದರೂ ಉತ್ತರ ಹೇಳುತ್ತೇನೆ. ಏಕೆಂದರೆ ಅದರ ಹೆಸರಿನಲ್ಲಿ 40,000 ರೂಪಾಯಿ ಕಳೆದುಕೊಂಡವಳು ನಾನು.

ಸದರ್ ಬಜಾರಿನಲ್ಲಿ ಸಿಕ್ಕ ಪರಿಚಿತರೊಬ್ಬರು “ತಿಂಗಳಿಗೆ ನೂರಕ್ಕೆ ಹತ್ತು ಖಂಡಿತ” ಎಂದರು. ಮನೆಖರ್ಚಿನಲ್ಲಿ ಉಳಿಸಿದ್ದನ್ನು ಕೊಟ್ಟೆ. ಮೊಬೈಲಿನಲ್ಲಿ ನನ್ನ ಹಣ ದಿನಾ ಬೆಳೆಯುತ್ತಿತ್ತು. ವಾಪಸ್ ಕೇಳಿದಾಗ ಬಿಡಿಗಾಸೂ ಬರಲಿಲ್ಲ. ನಾನು ಕೊಂಡದ್ದು ಕಾಯಿನ್ ಅಲ್ಲ, ಪರದೆಯ ಮೇಲಿನ ಒಂದು ಅಂಕಿ! ಯಜಮಾನರಿಗೆ ಹೇಳಲು ಎಂಟು ತಿಂಗಳು ಬೇಕಾಯಿತು. ಹಣ ಹೋದದ್ದಕ್ಕಿಂತ ಆ ಎಂಟು ತಿಂಗಳೇ ಹೆಚ್ಚು ಸುಟ್ಟವು.

ಈಗ ನಿಜವಾದ ಬಿಟ್‌ಕಾಯಿನ್ ಬಗ್ಗೆ. ಅದು ಹುಟ್ಟಿದ್ದು 2009ರ ಜನವರಿಯಲ್ಲಿ. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಬರುವಂತಿಲ್ಲ. ಅದರ ಲೆಕ್ಕದ ಪುಸ್ತಕ ಸಾವಿರಾರು ಕಂಪ್ಯೂಟರುಗಳಲ್ಲಿದೆ. ನಮ್ಮ ಸಂವಿಧಾನ ಚೌಕದಲ್ಲಿ ರಿಸರ್ವ್ ಬ್ಯಾಂಕಿನ ಕಟ್ಟಡ ನೋಡಿದ್ದೀರಲ್ಲ? ನಿಮ್ಮ ಜೇಬಿನ ನೋಟಿನ ಹಿಂದೆ ಆ ಬ್ಯಾಂಕ್ ನಿಂತಿದೆ. ಬಿಟ್‌ಕಾಯಿನ್ ಹಿಂದೆ ಅಂಥವರು ಯಾರೂ ಇಲ್ಲ.

ಆದ್ದರಿಂದ ಕೀಲಿಕೈ ಮುಖ್ಯ. ಸ್ವಂತ ವ್ಯಾಲೆಟ್ ತೆರೆದರೆ 12 ಅಥವಾ 24 ಪದಗಳು ಸಿಗುತ್ತವೆ. ಅವನ್ನು ಕಾಗದದಲ್ಲಿ ಬರೆದು ಭದ್ರವಾಗಿಡಿ, ಫೋಟೋ ತೆಗೆಯಬೇಡಿ, ಯಾರಿಗೂ ಕೊಡಬೇಡಿ. ಕಳೆದುಹೋದರೆ ಮತ್ತೆ ಕೊಡುವವರಿಲ್ಲ. ಎಕ್ಸ್‌ಚೇಂಜಿನಲ್ಲೇ ಬಿಟ್ಟರೆ ಕೀಲಿಕೈ ಅವರದು. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ಗೆ ಕನ್ನ ಬಿದ್ದು ಸುಮಾರು 23 ಕೋಟಿ ಡಾಲರ್ ಹೋಯಿತು. ಗ್ರಾಹಕರು ತಿಂಗಳುಗಟ್ಟಲೆ ಕಾದರು.

ಕೊಳ್ಳುವುದಾದರೆ, ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜಿನಲ್ಲೇ ಕೊಳ್ಳಿ. ಪಾಕೆಟ್ ಮನಿಯಿಂದ ಸ್ವಲ್ಪ ಸಾಕು, ಸಾಲ ಮಾತ್ರ ಬೇಡ. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ. 30 ತೆರಿಗೆ ಇದೆ. ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮಾರುವಾಗ ಶೇ. 1 ಮೊದಲೇ ಕಡಿತವಾಗುತ್ತದೆ. ದಿನಾ ಕೊಂಡು ಮಾರುವವರಿಗೆ ಇದೇ ದೊಡ್ಡ ಪೆಟ್ಟು.

ಇನ್ನು ಮೈನಿಂಗ್. ಅದಕ್ಕೆಂದೇ ಮಾಡಿದ ಯಂತ್ರಗಳು ಹಗಲೂ ರಾತ್ರಿ ಕರೆಂಟು ತಿಂದು ಬಿಸಿ ಉಗುಳುತ್ತವೆ. ಮೇ ತಿಂಗಳಲ್ಲಿ ಕೂಲರ್ ಹಾಕಿಕೊಂಡೂ ಬೇಯುವ ನಾಗಪುರದ ಮನೆಯಲ್ಲಿ ಅದು ಬೇಕೆ? ಕರೆಂಟಿನ ಖರ್ಚು ತೋರಿಸಿದರೂ ತೆರಿಗೆ ಕಡಿಮೆಯಾಗುವುದಿಲ್ಲ.

ಕೊನೆಗೆ ಒಂದು ಮಾತು. “ಇಷ್ಟು ಬಂದೇ ಬರುತ್ತದೆ” ಎಂದವರಿಗೆ ದೂರದಿಂದಲೇ ಕೈಮುಗಿಯಿರಿ. ಮನೆಯಲ್ಲಿ ಹೇಳಲಾಗದ ಕಡೆ ಹಣ ಹಾಕಬೇಡಿ. ಮೋಸ ಹೋದರೆ ನನ್ನಂತೆ ಬಾಯಿ ಮುಚ್ಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಆಮೇಲೆ ಅಮ್ಮನಿಗೆ ಹೇಳಿ. ಅಮ್ಮ ಬೈಯುತ್ತಾಳೆ. ಬೈದು ಊಟಕ್ಕೂ ಬಡಿಸುತ್ತಾಳೆ.