ಲಗ್ನಪತ್ರಿಕೆಗೆ ಲ್ಯಾಬ್ ರಿಪೋರ್ಟ್ ಲಗತ್ತಿಸಿದರೆ ಸಾಕೆ?

ಮದುವೆಗೆ ಮುನ್ನ ಎಚ್‌ಐವಿ ಪರೀಕ್ಷೆ ಕಡ್ಡಾಯವಾಗಲಿ ಎಂಬ ಲೇಖನಕ್ಕೆ ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಿಂದ ಈ ಪ್ರತಿಕ್ರಿಯೆ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಸಿಗದೇ ಹೋಗಬಹುದು. ಮದುವೆಯ ನಂತರದ ವರ್ಷಗಳ ಬಗ್ಗೆಯಂತೂ ಲೇಖಕರಿಗೆ ಚಿಂತೆಯೇ ಇಲ್ಲ. 2017ರ ಭಾರತದ ಎಚ್‌ಐವಿ ಕಾಯ್ದೆಯೇ ಒಪ್ಪಿಗೆಯಿಲ್ಲದ ಪರೀಕ್ಷೆಯನ್ನು ತಡೆಯುತ್ತದೆ.

ಇಲ್ಲಿ ಸ್ವೀಡನ್ನಿನ ಕಾನೂನೇನೂ ಮೆತ್ತಗಿಲ್ಲ: ಸೋಂಕಿನ ಶಂಕೆಯಿದ್ದವರು ವೈದ್ಯರ ಬಳಿ ಹೋಗಲೇಬೇಕು. ಆದರೆ ಪರೀಕ್ಷೆ, ಚಿಕಿತ್ಸೆ ಉಚಿತ. ಮದುವೆಗೆ ಸರ್ಟಿಫಿಕೇಟ್ ಕೇಳುವುದಿಲ್ಲ.

ಭಾರತವೂ ಸೇರಿ ಒಂಬತ್ತು ದೇಶಗಳ 1,763 ಜೋಡಿಗಳ ಅಧ್ಯಯನ 2011ರಲ್ಲೇ ತೋರಿಸಿತು: ಬೇಗ ಚಿಕಿತ್ಸೆ ಶುರುವಾದರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ತಗ್ಗುತ್ತದೆ. ಮಾತ್ರೆ ತಪ್ಪದಂತೆ ದಿನವೂ ನೋಡಿಕೊಳ್ಳುವುದು ಸರ್ಕಾರಿ ಆದೇಶವೋ, ಮನೆಯವರೋ? 'ನಡಿ, ಇಬ್ಬರೂ ಪರೀಕ್ಷೆ ಮಾಡಿಸೋಣ' ಎನ್ನುವ ಗಂಡನನ್ನು ಕಡ್ಡಾಯ ಹುಟ್ಟಿಸದು. ಗರ್ಭಿಣಿಯ ಪರೀಕ್ಷೆಯ ದಿನ ಹೊರಗೆ ಬೈಕ್ ಮೇಲೆ ಕೂತವನನ್ನು ಮೊದಲು ಒಳಗೆ ಕರೆಯಿರಿ.