ಪಾಲುದಾರನ ಪಾಲು

ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಹಿರಿಯೂರನ್ನು ದಾಟಿ ತುಮಕೂರು ಜಿಲ್ಲೆಯ ನೆಲವನ್ನು ಮೊದಲು ಮುಟ್ಟುವುದು ಶಿರಾ ಸೀಮೆಯಲ್ಲಿ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಜೊತೆಗಾರರು ಹತ್ತು ಸಾವಿರ ರೂಪಾಯಿಗಳ ಮೂಲಧನದಿಂದ ಆರಂಭಿಸಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದು ನೆಲೆನಿಂತಾಗ, ಆ ಹೆದ್ದಾರಿಯ ಇಕ್ಕೆಲಗಳಲ್ಲಿ ಕಡಲೆಕಾಯಿ ಬಿತ್ತಿ ಮಳೆಗಾಗಿ ಮುಗಿಲು ನೋಡುತ್ತಿದ್ದ ನಮ್ಮ ಜನಕ್ಕೆ ಗಣಕಯಂತ್ರವೆಂಬುದು ಎಲ್ಲಿಯೋ ದೂರದ ಮಾತಾಗಿತ್ತು. ಅಂದಿನಿಂದ ಒಂದು ತಲೆಮಾರು ಕಳೆದಿದೆ. ಈಗ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಿಂದ ಓದಲೆಂದು ಬೆಂಗಳೂರಿಗೆ ತೆರಳಿದ ತರುಣ ತರುಣಿಯರು, ಬಾಡಿಗೆಯನ್ನು ಹಂಚಿಕೊಂಡ ಕೋಣೆಯಲ್ಲಿ ಕುಳಿತು, ನೌಕರಿಯನ್ನರಸುವುದಕ್ಕೆ ಬದಲಾಗಿ ತಾವೇ ಒಂದು ಸ್ಟಾರ್ಟಪ್ ಕಟ್ಟುವೆವೆಂದು ಮನೆಗೆ ಫೋನು ಮಾಡಿ ತಿಳಿಸುವ ಕಾಲ ಬಂದಿದೆ. ಆಗ ತಂದೆತಾಯಿಗಳು ಕೇಳುವ ಪ್ರಶ್ನೆಗಳು ಎರಡು: ದುಡ್ಡು ಎಲ್ಲಿಂದ ತರುತ್ತೀಯೆ? ಕೈಹತ್ತದಿದ್ದರೆ ಏನು ಗತಿ? ಯಾರೊಡನೆ ಸೇರಿ ಮಾಡುತ್ತೀಯೆ, ಅವರ ಪಾಲೆಷ್ಟು, ನಿನ್ನ ಪಾಲೆಷ್ಟು, ಅದನ್ನು ಎಲ್ಲಿ ಬರೆದಿಟ್ಟಿದ್ದೀರಿ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನು ಮನೆಮನೆಯಲ್ಲಿಯೂ ಕೇಳಬೇಕೆಂಬುದೇ ಈ ಲೇಖನದ ಪ್ರಾರ್ಥನೆ.

ಇದನ್ನು ಹೇಳುವುದಕ್ಕೆ ನನಗೆ ಪ್ರೇರಣೆಯಾದುದು 2010ರಲ್ಲಿ ತೆರೆಕಂಡ ಒಂದು ಅಮೆರಿಕನ್ ಚಲನಚಿತ್ರ. ಬೆನ್ ಮೆಜ್ರಿಕ್ ಬರೆದ ಗ್ರಂಥವನ್ನಾಧರಿಸಿ ಆರನ್ ಸಾರ್ಕಿನ್ ಚಿತ್ರಕಥೆ ರಚಿಸಿ, ಡೇವಿಡ್ ಫಿಂಚರ್ ನಿರ್ದೇಶಿಸಿದ ‘ದಿ ಸೋಷಿಯಲ್ ನೆಟ್‌ವರ್ಕ್’ ಚಿತ್ರಕ್ಕೆ ಚಿತ್ರಕಥೆ, ಸಂಗೀತ, ಸಂಕಲನಗಳಿಗಾಗಿ ಮೂರು ಆಸ್ಕರ್ ಪ್ರಶಸ್ತಿಗಳು ಸಂದುವು. 2004ರ ಫೆಬ್ರುವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ಫೇಸ್‌ಬುಕ್ ಹುಟ್ಟಿದ ಕಥೆ ಅದು. ಆದರೆ ಹುಟ್ಟಿನ ಸಂಭ್ರಮಕ್ಕಿಂತ ಹೆಚ್ಚಾಗಿ, ಹುಟ್ಟಿದ ಕೂಸಿಗಾಗಿ ಒಡನಾಡಿಗಳು ವಕೀಲರ ಸಮಕ್ಷಮದಲ್ಲಿ ಮೇಜಿನ ಆಚೆ ಈಚೆ ಕುಳಿತು ನಡೆಸುವ ವಾದವೇ ಅದರ ಶರೀರ. ಫೇಸ್‌ಬುಕ್ ಕಟ್ಟಿದ ಮಾರ್ಕ್ ಝುಕರ್‌ಬರ್ಗ್‌ನ ಮೇಲೆ ಎರಡು ದಾವೆಗಳು. ತಮ್ಮ ಕಲ್ಪನೆಯನ್ನು ಕದ್ದನೆಂಬುದು ವಿಂಕಲ್ವಾಸ್ ಅವಳಿ ಸೋದರರ ಮತ್ತು ಅವರ ಜೊತೆಗಾರ ದಿವ್ಯ ನರೇಂದ್ರನ ಆಕ್ಷೇಪ. ಅದು 2008ರಲ್ಲಿ ಆರೂವರೆ ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಈ ಕಳ್ಳತನದ ವಾದ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದುದು ಎರಡನೆಯದು, ಎಡ್ವಾರ್ಡೊ ಸೆವೆರಿನ್‌ನದು.

ಸೆವೆರಿನ್ ಮಾರ್ಕನ ಆಪ್ತಮಿತ್ರ. ಮೊದಲ ಸಾವಿರ ಡಾಲರು ಅವನದು. ಅನಂತರ ಹದಿನೆಂಟು ಸಾವಿರವೂ ಅವನದೇ. ಎಪ್ಪತ್ತು ಮೂವತ್ತರ ಲೆಕ್ಕದಲ್ಲಿ ಪಾಲು ನಿಶ್ಚಯವಾದುದು, ಚಿತ್ರ ತೋರಿಸುವಂತೆ, ವಿದ್ಯಾರ್ಥಿಗಳ ನಡುವಿನ ಒಂದು ಕ್ಷಣದ ಮಾತಿನಲ್ಲಿ. ಒಬ್ಬನು ಜಾಹೀರಾತುಗಳನ್ನರಸುತ್ತ ನ್ಯೂಯಾರ್ಕಿನಲ್ಲಿ ಅಲೆಯುತ್ತಿರಲು, ಮತ್ತೊಬ್ಬನು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಹೊಸ ಸಲಹೆಗಾರರ, ಹೊಸ ಹಣವಂತರ ಸಹವಾಸದಲ್ಲಿ ಬೆಳೆಯುತ್ತಿರಲು, ಮುನಿಸಿಕೊಂಡ ಗೆಳೆಯ ಬ್ಯಾಂಕಿನ ಖಾತೆಯನ್ನು ತಡೆಹಿಡಿಯುತ್ತಾನೆ. ಬಂಡವಾಳಗಾರ ಪೀಟರ್ ಥೀಲ್ ಐದು ಲಕ್ಷ ಡಾಲರು ಹೂಡುತ್ತಾನೆ. ಸಂಸ್ಥೆಯನ್ನು ಹೊಸದಾಗಿ ರೂಪಿಸುವ ಕಾಗದಗಳಿಗೆ ಸೆವೆರಿನ್, ಎದುರಿಗಿದ್ದ ವಕೀಲರು ತನ್ನವರೂ ಹೌದೆಂದು ನಂಬಿ, ಸಹಿ ಹಾಕುತ್ತಾನೆ. ಕೆಲವೇ ತಿಂಗಳುಗಳಲ್ಲಿ, ಚಿತ್ರದ ಲೆಕ್ಕದಂತೆ, ಅವನ ಮೂವತ್ತಕ್ಕೂ ಮಿಕ್ಕ ಶೇಕಡಾ ಪಾಲು ಶೇಕಡಾ 0.03ಕ್ಕೆ ಇಳಿಯುತ್ತದೆ. ನಿಜಜೀವನದಲ್ಲಿ ಅದು ಅಷ್ಟು ಕೆಳಗಿಳಿಯಲಿಲ್ಲ. ಮುಂದೆ ರಾಜಿಯಾಗಿ, ಸಹಸಂಸ್ಥಾಪಕನೆಂಬ ಹೆಸರೂ ಅವನಿಗೆ ಮರಳಿ ಬಂದಿತು. ಚಿತ್ರಕಥೆಗಾರನು ಘಟನೆಯನ್ನು ಬಿಗಿಗೊಳಿಸಿದ್ದಾನೆ, ಝುಕರ್‌ಬರ್ಗ್ ಸ್ವತಃ ಆ ಚಿತ್ರದ ಹಲವು ಅಂಶಗಳನ್ನು ಒಪ್ಪಲಿಲ್ಲ ಎಂಬುದನ್ನು ಮರೆಯದೆಯೇ ಅದನ್ನು ನೋಡಬೇಕು.

ಪಾಲು ಹೀಗೆ ಕರಗುವ ಬಗೆಯನ್ನು ನಮ್ಮ ಮಕ್ಕಳು ಅರಿತಿರಬೇಕಾದುದು ಅವಶ್ಯ. ನೂರು ಷೇರುಗಳಿರುವ ಸಂಸ್ಥೆಯಲ್ಲಿ ಒಬ್ಬನಿಗೆ ಮೂವತ್ತು ಷೇರುಗಳಿದ್ದರೆ ಅವನ ಅಂಶ ಶೇಕಡಾ ಮೂವತ್ತು. ಸಂಸ್ಥೆ ಹೊಸದಾಗಿ ಇನ್ನೂರು ಷೇರುಗಳನ್ನು ಹೊರಡಿಸಿ ಬೇರೆಯವರಿಗೆ ಕೊಟ್ಟರೆ, ಅವನ ಮೂವತ್ತು ಷೇರುಗಳು ಒಂದೂ ಕಡಮೆಯಾಗದೆಯೇ ಅವನ ಅಂಶ ಶೇಕಡಾ ಹತ್ತಕ್ಕೆ ಕುಗ್ಗುತ್ತದೆ. ಬಂಡವಾಳ ಹೂಡುವವರು ಬಂದಾಗಲೆಲ್ಲ ಎಲ್ಲರ ಅಂಶವೂ ಸಮವಾಗಿ ಕುಗ್ಗುವುದು ನ್ಯಾಯವೇ. ಒಬ್ಬನದು ಮಾತ್ರ ಕುಗ್ಗಿ ಉಳಿದವರದು ನಿಂತರೆ ಅಲ್ಲಿ ವಿಚಾರ ಬೇರೆ. ಯಾವ ಸಂದರ್ಭದಲ್ಲಿ ಹೊಸ ಷೇರು ಹುಟ್ಟುತ್ತದೆ, ಅದಕ್ಕೆ ಯಾರ ಒಪ್ಪಿಗೆ ಬೇಕು, ನಡುವೆ ಬಿಟ್ಟುಹೋದವನ ಷೇರು ಏನಾಗಬೇಕು, ನಾಲ್ಕು ವರ್ಷ ದುಡಿದರೆ ಮಾತ್ರ ಪೂರ್ಣ ಪಾಲು ಕೈಗೆ ಬರುವಂತೆ ಕಟ್ಟು ಮಾಡಬೇಕೆ ಎಂಬಿವನ್ನೆಲ್ಲ ಮೊದಲ ದಿನವೇ ಕಾಗದಕ್ಕೆ ಇಳಿಸಬಹುದು. ಇಳಿಸದಿರುವುದಕ್ಕೆ ಇರುವ ಕಾರಣ ಒಂದೇ, ಸಂಕೋಚ.

ಆ ಸಂಕೋಚವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಒಂದೇ ಹಾಸ್ಟೆಲಿನಲ್ಲಿ ಉಂಡು, ಒಬ್ಬರ ಅಂಗಿಯನ್ನು ಮತ್ತೊಬ್ಬರು ತೊಟ್ಟು, ಪರೀಕ್ಷೆಯ ಶುಲ್ಕಕ್ಕೆ ಪರಸ್ಪರ ಕೈಗಡ ಕೊಟ್ಟು ಬೆಳೆದವರಿಗೆ, ನಿನಗೆಷ್ಟು ನನಗೆಷ್ಟು ಎಂದು ಕೇಳುವುದು ಸ್ನೇಹಕ್ಕೆ ಮಾಡಿದ ಅಪಚಾರವೆಂದು ತೋರುವುದು ಸಹಜ. ಆದರೆ ನಮ್ಮ ಹಿರಿಯರು ಹಾಗೆ ಭಾವಿಸಿದವರಲ್ಲ. ವಾರಕ್ಕೆ ಹೊಲ ಹಿಡಿಯುವ ಒಕ್ಕಲಿಗನು ಹೊಲದೊಡೆಯನೊಡನೆ ಎಂತಹ ಅನ್ಯೋನ್ಯದಲ್ಲಿದ್ದರೂ, ಬೀಜ ಯಾರದು, ಗೊಬ್ಬರ ಯಾರದು, ಎತ್ತು ಯಾರದು, ಕಣದಲ್ಲಿ ಅಳೆದ ಮೇಲೆ ಯಾರಿಗೆ ಎಷ್ಟು, ಮೇವು ಯಾರ ಪಾಲಿಗೆ ಎಂಬುದೆಲ್ಲ ನೇಗಿಲು ಹೂಡುವ ಮುನ್ನವೇ ನಾಲ್ಕು ಜನರ ಮುಂದೆ ಇತ್ಯರ್ಥವಾಗುತ್ತಿತ್ತು. ಹಾಗೆ ಇತ್ಯರ್ಥವಾದ ಮಾತಿನಿಂದ ಅವರ ವಿಶ್ವಾಸ ಕುಂದುತ್ತಿರಲಿಲ್ಲ, ಸುಗ್ಗಿಯ ದಿನ ಜಗಳವಿಲ್ಲದೆ ಕಣದಿಂದ ಎದ್ದುಬರುವುದು ಸಾಧ್ಯವಾಗುತ್ತಿತ್ತು.

ಕಾನೂನು ಸಹ ಈ ವಿಷಯದಲ್ಲಿ ಸುಮ್ಮನಿಲ್ಲ. ಕಂಪನಿ ಸ್ಥಾಪಿಸದೆ ಪಾಲುದಾರರಾಗಿಯೇ ಉದ್ಯಮ ನಡೆಸುವವರಿಗೆ ಅನ್ವಯಿಸುವ 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ, ಪಾಲುದಾರರ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ ಲಾಭವೂ ನಷ್ಟವೂ ಎಲ್ಲರಿಗೂ ಸಮಾನ. ಹಗಲಿರುಳು ದುಡಿದವನಿಗೂ, ಆರು ತಿಂಗಳು ಬಂದು ಬೇರೆ ನೌಕರಿ ಹಿಡಿದವನಿಗೂ ಒಂದೇ ಅಳತೆ. ಅಲ್ಲದೆ ನೋಂದಣಿಯಾಗದ ಪಾಲುದಾರಿಕೆಯಲ್ಲಿ, ಒಬ್ಬ ಪಾಲುದಾರನು ಒಪ್ಪಂದದಿಂದ ಬಂದ ತನ್ನ ಹಕ್ಕಿಗಾಗಿ ಮತ್ತೊಬ್ಬನ ಮೇಲೆ ದಾವೆ ಹೂಡುವುದಕ್ಕೇ ಸಾಮಾನ್ಯವಾಗಿ ಅವಕಾಶವಿಲ್ಲ. ನೋಂದಣಿ ಕಡ್ಡಾಯವಲ್ಲವೆಂಬ ಒಂದೇ ಮಾತನ್ನು ಕೇಳಿ ಸುಮ್ಮನಾಗುವವರು ಈ ಎರಡನೆಯ ಮಾತನ್ನು ಕೇಳಿರುವುದಿಲ್ಲ.

ಮಹತ್ವಾಕಾಂಕ್ಷೆಯೇ ಸ್ನೇಹಕ್ಕೆ ಶತ್ರುವೆಂದು ಆ ಚಿತ್ರವನ್ನು ನೋಡಿದ ಅನೇಕರು ತೀರ್ಮಾನಿಸುತ್ತಾರೆ. ನಾನು ಒಪ್ಪಲಾರೆ. ಮಹತ್ವಾಕಾಂಕ್ಷೆಯಲ್ಲಿ ಇನ್ಫೋಸಿಸ್ ಕಟ್ಟಿದವರು ಯಾರಿಗೂ ಕಡಮೆಯಿರಲಿಲ್ಲ. ಶಿಡ್ಲಘಟ್ಟದಲ್ಲಿ ಹುಟ್ಟಿ, ಶಾಲಾ ಉಪಾಧ್ಯಾಯರ ಮಗನಾಗಿ ಬೆಳೆದ ನಾರಾಯಣ ಮೂರ್ತಿಯವರೂ, ಅವರ ಜೊತೆಗಾರರಾದ ನಂದನ್ ನಿಲೇಕಣಿ, ರಾಘವನ್, ಗೋಪಾಲಕೃಷ್ಣನ್, ಶಿಬುಲಾಲ್, ದಿನೇಶ್, ಅಶೋಕ್ ಅರೋರಾ ಅವರೂ, ಟೆಲಿಫೋನು ಸಂಪರ್ಕವೊಂದಕ್ಕೂ, ಗಣಕಯಂತ್ರವೊಂದನ್ನು ಹೊರದೇಶದಿಂದ ತರಿಸುವುದಕ್ಕೂ ಬಹುಕಾಲ ಕಾಯಬೇಕಾಗಿದ್ದ ದಿನಗಳಲ್ಲಿ ಆ ಸಂಸ್ಥೆಯನ್ನು ಹಿಡಿದು ನಿಲ್ಲಿಸಿದರು. 1989ರಲ್ಲಿ ಅರೋರಾ ಹೊರಟುಹೋದರು. ಮರುವರ್ಷದ ಚಳಿಗಾಲದ ಒಂದು ಶನಿವಾರ, ಬೆಂಗಳೂರಿನ ಮರಗಳ ನೆರಳಿನ ಬಡಾವಣೆಯೊಂದರ ಸಣ್ಣ ಕಚೇರಿಯಲ್ಲಿ ಉಳಿದ ಸಂಸ್ಥಾಪಕರಲ್ಲಿ ಐವರು ಕೂಡಿದರು. ಸಂಸ್ಥೆಯನ್ನು ಹತ್ತು ಲಕ್ಷ ಡಾಲರುಗಳಿಗೆ ಮಾರಿಬಿಡುವುದೋ ಬೇಡವೋ ಎಂಬುದು ಅಂದಿನ ಚರ್ಚೆ. ಒಂಬತ್ತು ವರ್ಷ ಬಳಲಿದವರಿಗೆ ಆ ಮೊತ್ತ ಸಣ್ಣದಾಗಿರಲಿಲ್ಲ. ಉಳಿದವರ ಮಾತನ್ನೆಲ್ಲ ಕೇಳಿದ ಮೇಲೆ ಮೂರ್ತಿಯವರು, ಕೈಯಲ್ಲಿ ಕಾಸಿಲ್ಲದಿದ್ದರೂ, ಮಾರುವ ಮನಸ್ಸಿದ್ದವರ ಪಾಲನ್ನೆಲ್ಲ ತಾವೇ ಕೊಳ್ಳುವುದಾಗಿ ಹೇಳಿದರಂತೆ. ಒಂದು ಗಂಟೆಯೊಳಗೆ ಎಲ್ಲರೂ ಉಳಿಯುವ ಪಕ್ಷಕ್ಕೆ ಬಂದರು. ಮೂರು ವರ್ಷಗಳಲ್ಲಿ ಸಂಸ್ಥೆಯ ಷೇರುಗಳು ಸಾರ್ವಜನಿಕರಿಗೆ ಬಂದುವು. 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯಲ್ಲಿ ಭಾರತದ ನೋಂದಾಯಿತ ಸಂಸ್ಥೆಯೊಂದರ ಹೆಸರು ಮೊದಲ ಬಾರಿಗೆ ಸೇರಿತು.

ಮೂರ್ತಿಯವರೇ ಸಾರ್ವಜನಿಕವಾಗಿ ಹೇಳಿರುವ ಈ ಪ್ರಸಂಗದಲ್ಲಿ ನಾನು ಮೆಚ್ಚುವುದು ಅವರ ಧೈರ್ಯವನ್ನಷ್ಟೇ ಅಲ್ಲ. ಆ ಕೋಣೆಯಲ್ಲಿ ಮಾರೋಣವೆಂದವನೂ ಬೇಡವೆಂದವನೂ ಒಂದೇ ಮೇಜಿನ ಸುತ್ತ ಕುಳಿತು, ತಮ್ಮ ತಮ್ಮ ಪಾಲು ಎಷ್ಟೆಂಬುದನ್ನು ಸ್ಪಷ್ಟವಾಗಿ ಅರಿತು, ಅದನ್ನು ಕೊಡುವ ಬಿಡುವ ಸ್ವಾತಂತ್ರ್ಯವನ್ನಿಟ್ಟುಕೊಂಡು ಮಾತನಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಕಾಗದಗಳಿಗೆ ಸಹಿ ಹಾಕುವಾಗ ಸೆವೆರಿನ್‌ಗೆ ದೊರೆಯದೆ ಹೋದುದು ಇದೇ.

ಆದರೂ ಇನ್ಫೋಸಿಸ್ಸಿನ ಕಥೆಯಲ್ಲಿಯೂ ಒಂದು ಖಾಲಿ ಕುರ್ಚಿಯಿದೆ. ಮೂಲಧನವಾದ ಆ ಹತ್ತು ಸಾವಿರ ರೂಪಾಯಿ ಶಿಗ್ಗಾಂವಿಯಲ್ಲಿ ಹುಟ್ಟಿದ, ನಾರಾಯಣ ಮೂರ್ತಿಯವರ ಪತ್ನಿ ಸುಧಾ ಮೂರ್ತಿಯವರು ತಮ್ಮ ಸಂಬಳದಲ್ಲಿ ಉಳಿಸಿದ್ದ ಹಣ. ಸ್ವತಃ ಇಂಜಿನಿಯರಾಗಿದ್ದ ಅವರಿಗೆ ಸಂಸ್ಥೆಯೊಳಗೆ ಸ್ಥಾನ ದೊರೆಯಲಿಲ್ಲ. ಗಂಡ ಹೆಂಡಿರಲ್ಲಿ ಒಬ್ಬರೇ ಇರತಕ್ಕದ್ದೆಂಬುದು ಪತಿಯ ನಿಯಮ. ತಾವು ಅಂದು ಮಾಡಿದುದು ತಪ್ಪು, ತಮಗಿಂತಲೂ ಇತರ ಆರು ಮಂದಿಗಿಂತಲೂ ಆಕೆಯ ಅರ್ಹತೆ ಹೆಚ್ಚಿನದಾಗಿತ್ತು ಎಂದು ನಾರಾಯಣ ಮೂರ್ತಿಯವರು 2024ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ನಾಲ್ಕು ದಶಕಗಳ ಅನಂತರವಾದರೂ ಆ ಮಾತನ್ನಾಡಿದುದು ದೊಡ್ಡತನವೇ. ಆದರೆ ನಮ್ಮ ಊರುಗಳಲ್ಲಿ ಮಗನ ಉದ್ಯಮಕ್ಕೆ ಸೊಸೆಯ ಒಡವೆ ಅಡವಿಟ್ಟ ಎಷ್ಟು ಮನೆಗಳಲ್ಲಿ ಅವಳ ಹೆಸರು ಕಾಗದದ ಮೇಲಿದೆ?

ಕಾಗದದ ಮೇಲೆ ಇರುವವರು, ಇಲ್ಲದವರು ಎಂಬ ಭೇದವನ್ನು ಪಾವಗಡ ತಾಲ್ಲೂಕಿನವರಿಗೆ ಯಾವ ಚಲನಚಿತ್ರವೂ ವಿವರಿಸಬೇಕಾಗಿಲ್ಲ. ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು ಹದಿಮೂರು ಸಾವಿರ ಎಕರೆಗಳಲ್ಲಿ ಹರಡಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಅಲ್ಲಿ ನಿಂತಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ಮಹೋದ್ಯಮದಲ್ಲಿ ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದುದು ಪ್ರಶಂಸಾರ್ಹವಾದ ಕ್ರಮ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇಕಡಾ ಐದರ ಏರಿಕೆ. ಮಳೆಯನ್ನು ನಂಬಿ ಸೋತ ಹೊಲದ ಒಡೆಯನಿಗೆ ಇದು ನಿಶ್ಚಿತವಾದ ಆದಾಯ. ಬರೆದ ಒಪ್ಪಂದದ ಗುಣ ಇಲ್ಲಿ ಎದ್ದು ಕಾಣುತ್ತದೆ. ಅದರ ಮಿತಿಯೂ ಅಷ್ಟೇ ಸ್ಪಷ್ಟ: ಪಹಣಿಯಲ್ಲಿ ಹೆಸರಿದ್ದವನಿಗೆ ಗುತ್ತಿಗೆಯ ಹಣ ಬಂದಿತು, ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ, ಬೀಳು ನೆಲದಲ್ಲಿ ಕುರಿ ಮೇಯಿಸಿ ಬದುಕಿದವನಿಗೆ ಕೆಲಸ ಹೋಯಿತು, ಪಾಲು ಬರಲಿಲ್ಲ. ಒಪ್ಪಂದವನ್ನು ಬರೆಯುವ ಹೊತ್ತಿಗೆ ಯಾರು ಯಾರು ಕೋಣೆಯಲ್ಲಿರಬೇಕು ಎಂಬ ಪ್ರಶ್ನೆ ಹಾರ್ವರ್ಡಿನ ವಿದ್ಯಾರ್ಥಿಗಳಿಗೂ ತಿರುಮಣಿಯ ಕೂಲಿಕಾರರಿಗೂ ಒಂದೇ.

ಇಂತಹ ಪ್ರಶ್ನೆಗಳನ್ನು ಕನ್ನಡದ ತೆರೆ ಇನ್ನೂ ಮನಸ್ಸಿಟ್ಟು ಎತ್ತಿಕೊಂಡಿಲ್ಲವೆಂಬುದು ನನ್ನ ಖೇದ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ತಮ್ಮ ಮಿತ್ರ ಕ್ಯಾಪ್ಟನ್ ಸ್ಯಾಮುಯೆಲ್‌ರೊಡನೆ ಹೆಲಿಕಾಪ್ಟರ್ ಸಂಸ್ಥೆ ಕಟ್ಟಿ, ಅನಂತರ ಏರ್ ಡೆಕ್ಕನ್ ಆರಂಭಿಸಿ, 2003ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಮೊದಲ ವಿಮಾನ ಹಾರಿಸಿದ ಸಾಹಸಗಾಥೆ ನಮ್ಮದು. ಅದನ್ನಾಧರಿಸಿ ಸುಧಾ ಕೊಂಗರ ನಿರ್ದೇಶಿಸಿದ ‘ಸೂರರೈ ಪೋಟ್ರು’ 2020ರಲ್ಲಿ ತಮಿಳಿನಲ್ಲಿ ಬಂದು, ರಾಷ್ಟ್ರದ ಶ್ರೇಷ್ಠ ಕಥಾಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ಚಿತ್ರ ಚೆಲುವಾಗಿದೆ, ನಾಯಕಿಯ ಪಾತ್ರವಂತೂ ಸ್ವಾಭಿಮಾನದಿಂದ ತುಂಬಿದೆ. ಆದರೆ ಕಥೆಯ ನೆಲ ಗೊರೂರಿನಿಂದ ಮದುರೆಯ ಸೀಮೆಗೆ ಸರಿದಿದೆ, ಮತ್ತು ಸಹೋದ್ಯಮಿಯಾದ ಗೆಳೆಯ ನಾಯಕನ ಬೆನ್ನ ಹಿಂದೆ ನಿಲ್ಲುವವನಾಗಿದ್ದಾನೆ. ಒಬ್ಬನೇ ಎಲ್ಲವನ್ನೂ ಗೆದ್ದನೆಂದು ತೋರಿಸುವುದರಲ್ಲಿ ನಮ್ಮ ಸಿನಿಮಾಗಳಿಗೆ ಇರುವ ಆಸ್ಥೆ, ಇಬ್ಬರು ಕೂಡಿ ಹೇಗೆ ಗೆದ್ದರು, ಗೆದ್ದಮೇಲೆ ಹೇಗೆ ಬೇರೆಯಾದರು ಎಂಬುದನ್ನು ತೋರಿಸುವುದರಲ್ಲಿ ಇಲ್ಲ. ಬೆಂಗಳೂರಿನಲ್ಲಿಯೇ 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಮಿತ್ರರು ಕಟ್ಟಿದ ಫ್ಲಿಪ್‌ಕಾರ್ಟ್ ಅನ್ನು 2018ರಲ್ಲಿ ವಾಲ್‌ಮಾರ್ಟ್ ಕೊಂಡಾಗ ಸಚಿನ್ ಹೊರನಡೆದರು, ಅದೇ ವರ್ಷ ಬಿನ್ನಿಯೂ ಹೊರಬಂದರು. ಆ ಹನ್ನೊಂದು ವರ್ಷಗಳ ಒಡನಾಟದಲ್ಲಿ ಒಂದು ಗಂಭೀರ ನಾಟಕಕ್ಕೆ ಬೇಕಾದುದೆಲ್ಲವೂ ಇದೆ. ಶಿರಾ ತಾಲ್ಲೂಕಿನ ಬರಗೂರಿನಿಂದ ಹೊರಟ ಬರಗೂರು ರಾಮಚಂದ್ರಪ್ಪನವರು ಸಾಹಿತ್ಯದಿಂದ ಚಲನಚಿತ್ರಕ್ಕೆ ಹೋಗಿ ಹಳ್ಳಿಯ ಬದುಕಿನ ನ್ಯಾಯಾನ್ಯಾಯಗಳನ್ನು ತೆರೆಗೆ ತಂದಂತೆ, ಈ ಹೊಸ ಉದ್ಯಮಗಳ ಒಳಗಿನ ನ್ಯಾಯಾನ್ಯಾಯಗಳನ್ನು ತೆರೆಗೆ ತರುವವರು ಇದೇ ಸೀಮೆಯಿಂದ ಏಕೆ ಬರಬಾರದು?

ಅಂತಹ ಚಿತ್ರ ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲದ ಒಂದು ಕೆಲಸವಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಪದವಿ ಕಾಲೇಜುಗಳಿವೆ, ನ್ಯಾಯಾಲಯಗಳಿವೆ, ವಕೀಲರ ಸಂಘಗಳಿವೆ. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಒಂದು ಮಧ್ಯಾಹ್ನ ಕೂಡಿಸಿ, ‘ದಿ ಸೋಷಿಯಲ್ ನೆಟ್‌ವರ್ಕ್’ ಚಿತ್ರವನ್ನು ತೋರಿಸಿ, ಸೆವೆರಿನ್ ಸಹಿ ಹಾಕುವ ದೃಶ್ಯದಲ್ಲಿ ನಿಲ್ಲಿಸಿ, ಪಾಲುದಾರಿಕೆಯ ಕರಾರುಪತ್ರವೊಂದನ್ನು ಕನ್ನಡದಲ್ಲಿ ಅವರ ಕೈಗೆ ಕೊಟ್ಟು, ಒಂದೊಂದು ಷರತ್ತನ್ನೂ ವಕೀಲರೊಬ್ಬರು ಓದಿ ವಿವರಿಸಿದರೆ ಸಾಕು. ಅದೇ ಸಭೆಗೆ ತಂದೆತಾಯಿಗಳನ್ನೂ ಕರೆಯಬೇಕು. ಮಕ್ಕಳು ಕೇಳಲು ನಾಚುವ ಪ್ರಶ್ನೆಯನ್ನು ಅವರು ನಾಚದೆ ಕೇಳಬಲ್ಲರು.